ತಾಯಂದಿರ ತಟ್ಟೆ ನೋಡಿ ಮದ್ದು ಹುಡುಕಿದ ಲೂಸಿ ವಿಲ್ಸ್

ಮಕ್ಕಳೇ, ವಾರಕ್ಕೊಮ್ಮೆ ಬಿಸಿಯೂಟದ ನಂತರ ಶಾಲೆಯಲ್ಲಿ ನಿಮಗೆ ನೀಲಿ ಬಣ್ಣದ ಮಾತ್ರೆಯೊಂದನ್ನು ಕೊಡುತ್ತಾರೆ. ಗರ್ಭಿಣಿಯರಿಗೆ ಕೊಡುವ ಮಾತ್ರೆಯ ಬಣ್ಣ ಕೆಂಪು. ಬಣ್ಣ ಬೇರೆಯಾದರೂ ಎರಡರಲ್ಲೂ ಇರುವುದು ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲ. ಇವುಗಳಲ್ಲಿ ಫೋಲಿಕ್ ಆಮ್ಲದ ಜಾಡು ಸಿಕ್ಕಿದ್ದು ನಮ್ಮ ದೇಶದ ಮುಂಬಯಿಯಲ್ಲಿ. ಅದನ್ನು ಹಿಡಿದವರು ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್.

ಲೂಸಿ ಜನಿಸಿದ್ದು 1888ರ ಮೇ 10ರಂದು, ಬರ್ಮಿಂಗ್‌ಹ್ಯಾಮ್ ನಗರದ ಸಮೀಪದ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ. ಕೇಂಬ್ರಿಡ್ಜ್‌ನಲ್ಲಿ ಸಸ್ಯಶಾಸ್ತ್ರ ಮತ್ತು ಭೂವಿಜ್ಞಾನ ಓದಿ 1911ರಲ್ಲಿ ಪರೀಕ್ಷೆ ಮುಗಿಸಿದರು. ಆದರೆ ಪದವಿ ಸಿಗಲಿಲ್ಲ. ಏಕೆಂದರೆ ಆ ವಿಶ್ವವಿದ್ಯಾಲಯ 1948ರವರೆಗೂ ಮಹಿಳೆಯರಿಗೆ ಪದವಿ ಕೊಡುತ್ತಿರಲಿಲ್ಲ! 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಅವರು ದಕ್ಷಿಣ ಆಫ್ರಿಕಾದಲ್ಲಿದ್ದರು. ಅಲ್ಲಿನ ಕೇಪ್‌ಟೌನ್‌ನಲ್ಲಿ ರೋಗಿಗಳ ಶುಶ್ರೂಷೆ ಮಾಡಿದರು. ಅನಂತರ ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆ ಸೇರಿ 1920ರಲ್ಲಿ ವೈದ್ಯೆಯಾದರು.

ಆ ಕಾಲದಲ್ಲಿ ಭಾರತದಲ್ಲಿ ಹೆರಿಗೆಯ ಸಮಯದಲ್ಲಿ ಸಾಯುವ ತಾಯಂದಿರ ಸಂಖ್ಯೆ ತುಂಬಾ ಹೆಚ್ಚಾಗಿತ್ತು. ಇದರ ಕಾರಣ ತಿಳಿಯಲು ನಡೆಯುತ್ತಿದ್ದ ಅಧ್ಯಯನದಲ್ಲಿ ಭಾಗವಹಿಸಲು ಲೂಸಿ 1928ರಲ್ಲಿ ಮುಂಬಯಿಗೆ ಬಂದರು. ಹಾಫ್‌ಕಿನ್ ಸಂಸ್ಥೆ ಅವರ ಕೆಲಸದ ಸ್ಥಳವಾಯಿತು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಮಹಿಳೆಯರು ಗರ್ಭಿಣಿಯರಾದಾಗ ಬಿಳಿಚಿಕೊಳ್ಳುತ್ತಿದ್ದರು. ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತಿತ್ತು. ಹಲವರು ಬದುಕಿ ಉಳಿಯುತ್ತಿರಲಿಲ್ಲ. ಇದು ತೀವ್ರವಾದ ರಕ್ತಹೀನತೆ.

ಅವರ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಂದು ವಿಚಿತ್ರ ಕಂಡಿತು. ಕೆಂಪು ರಕ್ತಕಣಗಳ ಸಂಖ್ಯೆ ಕಡಿಮೆ, ಆದರೆ ಒಂದೊಂದು ಕಣವೂ ಮಾಮೂಲಿಗಿಂತ ದೊಡ್ಡದು! ಕಬ್ಬಿಣಾಂಶದ ಕೊರತೆಯಿದ್ದರೆ ಕಣಗಳು ಚಿಕ್ಕದಾಗಬೇಕು. ಹಾಗಾದರೆ ಇಲ್ಲಿ ಕೊರತೆ ಯಾವುದರದು?

ಲೂಸಿ ಉತ್ತರಕ್ಕಾಗಿ ಪ್ರಯೋಗಾಲಯದಲ್ಲೇ ಕುಳಿತುಕೊಳ್ಳಲಿಲ್ಲ. ತಾಳ್ಪಡೆ, ಮೆಹ್ತಾ ಮುಂತಾದ ಭಾರತೀಯ ಸಹೋದ್ಯೋಗಿಗಳೊಂದಿಗೆ ಸೇರಿ ಮಹಿಳೆಯರ ಆಹಾರ ಮತ್ತು ಜೀವನ ಸ್ಥಿತಿಯ ಸಮೀಕ್ಷೆ ಮಾಡಿದರು. ಏನು ತಿನ್ನುತ್ತಾರೆ, ಎಷ್ಟು ತಿನ್ನುತ್ತಾರೆ, ಹೇಗೆ ಬದುಕುತ್ತಾರೆ ಎಂದು ವಿಚಾರಿಸಿದರು. ಕಾಯಿಲೆ ಹೆಚ್ಚಾಗಿದ್ದುದು ಬಡವರಲ್ಲಿ. ಅವರ ತಟ್ಟೆಯಲ್ಲಿ ಸೊಪ್ಪು, ತರಕಾರಿ, ಹಣ್ಣು, ಹಾಲು ತೀರಾ ಕಡಿಮೆ. ತೊಂದರೆಯ ಮೂಲ ಊಟದಲ್ಲಿದೆ ಎಂದು ಅವರಿಗೆ ಅನಿಸಿತು.

ಅಂಥದೇ ಆಹಾರವನ್ನು ಇಲಿಗಳಿಗೆ ತಿನ್ನಿಸಿದಾಗ ಅವಕ್ಕೂ ರಕ್ತಹೀನತೆ ಬಂತು. ಯೀಸ್ಟ್ ಸೇರಿಸಿದಾಗ ಅದನ್ನು ತಡೆಯಬಹುದೆಂದು ತಿಳಿಯಿತು. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಸೂಕ್ಷ್ಮಜೀವಿಯೇ ಯೀಸ್ಟ್. ಅದರ ಸಾರದಿಂದ ಮಾಡಿದ ಮಾರ್ಮೈಟ್ ಎಂಬ ತಿನಿಸನ್ನು ಇಂಗ್ಲೆಂಡಿನಲ್ಲಿ ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುತ್ತಾರೆ. ಲೂಸಿ ಇದನ್ನು ರೋಗಿಗಳಿಗೆ ಕೊಟ್ಟರು. ಕೆಲವೇ ದಿನಗಳಲ್ಲಿ ಅವರು ಚೇತರಿಸಿಕೊಳ್ಳತೊಡಗಿದರು! ಪಿತ್ತಜನಕಾಂಗದ ಸಾರದಿಂದಲೂ ಗುಣವಾಗುತ್ತಿತ್ತು, ಆದರೆ ಅದು ದುಬಾರಿ. ಯೀಸ್ಟಿನ ಸಾರ ಅಗ್ಗ. ಬಡವರಿಗೆ ಎಟುಕದ ಮದ್ದು ಇದ್ದರೂ ಇಲ್ಲದಂತೆಯೇ ಅಲ್ಲವೇ? 1931ರಲ್ಲಿ ಲೂಸಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಯೀಸ್ಟಿನಲ್ಲಿದ್ದ ಆ ಅಜ್ಞಾತ ವಸ್ತುವನ್ನು ವಿಜ್ಞಾನಿಗಳು ವಿಲ್ಸ್ ಅಂಶ ಎಂದು ಕರೆದರು.

1941ರಲ್ಲಿ ಅಮೆರಿಕದ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಒಂದು ವಸ್ತುವನ್ನು ಬೇರ್ಪಡಿಸಿದರು. ಲ್ಯಾಟಿನ್ ಭಾಷೆಯಲ್ಲಿ ಫೋಲಿಯಂ ಎಂದರೆ ಎಲೆ. ಆದ್ದರಿಂದ ಅದಕ್ಕೆ ಫೋಲಿಕ್ ಆಮ್ಲ ಎಂದು ಹೆಸರಿಟ್ಟರು. ವಿಲ್ಸ್ ಅಂಶ ಇದೇ ಎಂದು ಮುಂದೆ ಗೊತ್ತಾಯಿತು. 1945ರ ವೇಳೆಗೆ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಲಾಯಿತು. ಆ ತಂಡದ ನಾಯಕರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್!

ಜೀವಕೋಶ ಎರಡಾಗಿ ಒಡೆಯಲು ಡಿಎನ್‌ಎ ಹೊಸದಾಗಿ ತಯಾರಾಗಬೇಕು. ಅದಕ್ಕೆ ಫೋಲಿಕ್ ಆಮ್ಲ ಬೇಕೇಬೇಕು. ಅದಿಲ್ಲದಿದ್ದರೆ ಕೋಶ ಬೆಳೆಯುತ್ತದೆ, ಆದರೆ ಒಡೆಯಲಾರದು. ರಕ್ತಕಣಗಳು ದೊಡ್ಡದಾಗಿ, ಸಂಖ್ಯೆಯಲ್ಲಿ ಕಡಿಮೆಯಾಗಿದ್ದುದರ ಗುಟ್ಟು ಇದೇ. ಗರ್ಭದಲ್ಲಿ ಮಗು ಬೆಳೆಯುವಾಗ ಕೋಶಗಳು ಬೇಗಬೇಗ ಒಡೆಯುವುದರಿಂದ ತಾಯಿಗೆ ಇದು ಹೆಚ್ಚು ಬೇಕು. ಗರ್ಭ ಧರಿಸುವ ಮೊದಲಿನಿಂದಲೇ ಫೋಲಿಕ್ ಆಮ್ಲ ಸೇವಿಸಿದರೆ ಮಗುವಿನ ಬೆನ್ನುಹುರಿಯ ದೋಷಗಳನ್ನು ಬಹುಮಟ್ಟಿಗೆ ತಡೆಯಬಹುದೆಂದು 1991ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಮದ್ದು ಸಿಕ್ಕರೆ ಸಾಲದು, ಅದು ಮನೆ ಬಾಗಿಲಿಗೆ ತಲುಪಬೇಕು. ಗರ್ಭಿಣಿಯರಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 1970ರಲ್ಲಿ ಆರಂಭವಾಯಿತು. 1975ರಲ್ಲಿ ಅಂಗನವಾಡಿಗಳು ಬಂದವು. ಕರ್ನಾಟಕದಲ್ಲಿ ಅವು ಮೊದಲು ಶುರುವಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. 2017ರಲ್ಲಿ ಮಾತೃಪೂರ್ಣ ಯೋಜನೆ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಬಿಸಿಯೂಟ ತಂದಿತು.

ಆದರೂ 2019–21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಕಂಡುಬಂತು. ಏಕೆ? ಬಡತನ ಒಂದು ಕಾರಣ. ಮನೆಯ ನಂಬಿಕೆಗಳು ಇನ್ನೊಂದು. ಹೆಚ್ಚು ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಕೆಲವರು ಊಟ ಕಡಿಮೆ ಮಾಡುತ್ತಾರೆ. ಇದರಿಂದ ತಾಯಿ ಸೊರಗುತ್ತಾಳೆ, ಮಗು ಕಡಿಮೆ ತೂಕದಲ್ಲಿ ಹುಟ್ಟುತ್ತದೆ. ಮಾತ್ರೆ ನುಂಗಿದಾಗ ಮಲ ಕಪ್ಪಾಗುವುದನ್ನು ಕಂಡು ಹೆದರಿ ಮಾತ್ರೆಯನ್ನೇ ಬಿಡುವವರಿದ್ದಾರೆ. ಅದು ಕಬ್ಬಿಣಾಂಶದಿಂದ ಆಗುವ ಬದಲಾವಣೆ, ಅಪಾಯವಿಲ್ಲ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಮನೆಗೆ ಬಂದು ಮಾತನಾಡಿಸುವುದು ಇಂಥ ಅನುಮಾನಗಳನ್ನು ಕಳೆಯಲೆಂದೇ. ಅತ್ತೆಯೋ ಅಜ್ಜಿಯೋ ಒಪ್ಪಿದರೆ ತಟ್ಟೆಯೂ ಬದಲಾಗುತ್ತದೆ.

ನೀವೂ ನೆರವಾಗಬಹುದು. ಸೊಪ್ಪು, ಹೆಸರುಕಾಳು, ಕಡಲೆ, ಶೇಂಗಾಗಳಲ್ಲಿ ಫೋಲಿಕ್ ಆಮ್ಲದ ಗುಂಪಿನ ಜೀವಸತ್ವ ಇದೆ. ಅದು ನೀರಿನಲ್ಲಿ ಕರಗುತ್ತದೆ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಿದರೆ ಅದೂ ಹೋಯಿತು! ಬಸಿದ ನೀರಿನಲ್ಲೇ ಬಸ್ಸಾರು ಮಾಡುವ ನಮ್ಮ ಅಜ್ಜಿಯರ ಪದ್ಧತಿ ಎಷ್ಟು ಜಾಣತನದ್ದು ನೋಡಿ. ಮಾತ್ರೆಯ ಜೊತೆ ಚಹಾ ಬೇಡ, ಅದು ಕಬ್ಬಿಣಾಂಶ ಹೀರಿಕೆಯಾಗದಂತೆ ತಡೆಯುತ್ತದೆ. ನಿಂಬೆ, ನೆಲ್ಲಿಕಾಯಿ ಒಳ್ಳೆಯದು.

ಲೂಸಿ ವಿಲ್ಸ್ ಲಂಡನ್ನಿಗೆ ಮರಳಿದ ಮೇಲೂ ತಾಯಂದಿರ ಆರೋಗ್ಯದ ಅಧ್ಯಯನ ಬಿಡಲಿಲ್ಲ. ನಿವೃತ್ತಿಯ ನಂತರವೂ ಜಮೈಕಾ, ಫಿಜಿ ದೇಶಗಳಲ್ಲಿ ಪೋಷಣೆಯ ಬಗ್ಗೆ ಸಂಶೋಧನೆ ನಡೆಸಿದರು. 1964ರ ಏಪ್ರಿಲ್ 16ರಂದು ನಿಧನರಾದರು. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಗರ್ಭಿಣಿಯರಿದ್ದರೆ, ಇಂದು ಊಟ ಆಯಿತೇ, ಮಾತ್ರೆ ತೆಗೆದುಕೊಂಡಿರಾ ಎಂದು ಕೇಳಿ. ಲೂಸಿ ಅವರ ಕೆಲಸ ಆರಂಭವಾದದ್ದೂ ಇಂಥ ಪ್ರಶ್ನೆಗಳಿಂದಲೇ.