ಗುಂಡರ್ಟ್ ಪಂಡಿತರ ಚರಿತ್ರೆ

ಮೀಕನು ಬೇತ್ಲೆಹೇಮಿನ ವಿಷಯವಾಗಿ ನುಡಿದ ಪ್ರವಾದನೆಯನ್ನು ನಾವು ಕ್ರಿಸ್ತಜಯಂತಿಯಲ್ಲಿ ವರುಷ ವರುಷವೂ ಓದುತ್ತೇವೆ. ಅದು ನೆರವೇರಿತೆಂಬದಕ್ಕೆ ಸುವಾರ್ತೆಯ ಹೊರಗೆ ಸಾಕ್ಷಿಯುಂಟೋ ಎಂದು ಚಂದಕವಾಡಿಯಂಥ ಗ್ರಾಮದಲ್ಲಿ ನೆರೆಯವನೊಬ್ಬನು ಕೇಳಿದರೆ ಏನು ಹೇಳೋಣ? ಪ್ರಿಯ ವಾಚಕರೇ, ಯೌವನದಲ್ಲಿಯೇ ಈ ಪ್ರಶ್ನೆಗೆ ಸಿಕ್ಕಿದ ಒಬ್ಬರ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ.

ಹೆರ್ಮನ್ ಗುಂಡರ್ಟರು 1814ರಲ್ಲಿ ಜರ್ಮನಿ ದೇಶದ ಸ್ಟುಟ್‌ಗಾರ್ಟ್ ಪಟ್ಟಣದಲ್ಲಿ ಹುಟ್ಟಿದರು. ಮೌಲ್‌ಬ್ರೊನ್ ಪಾಠಶಾಲೆಯಲ್ಲಿ ಅವರಿಗೆ ಕಲಿಸಿದವರಲ್ಲಿ ಡೇವಿಡ್ ಸ್ಟ್ರಾಸ್ ಎಂಬ ತರುಣ ಪಂಡಿತನು ಒಬ್ಬನು. ಇವನೇ ಮುಂದೆ 1835ರಲ್ಲಿ ಯೇಸುವಿನ ಚರಿತ್ರೆಯೊಂದನ್ನು ಪ್ರಕಟಿಸಿ ಸಭೆಗಳನ್ನೆಲ್ಲಾ ಕಲಕಿದವನು. ಪ್ರವಾದನೆಗಳು ನೆರವೇರಿದವೆಂದು ಸುವಾರ್ತಿಕರು ಕಂಡು ಬರೆಯಲಿಲ್ಲ, ನೆರವೇರಲೇಬೇಕೆಂಬ ನಿರೀಕ್ಷೆಯಿಂದಲೇ ಆ ಕಥೆಗಳು ಬೆಳೆದವು ಎಂಬದು ಅವನ ವಾದ. ಜೆಕರ್ಯನ ಮಾತಿನಲ್ಲಿ ಕತ್ತೆಯೂ ಮರಿಯೂ ಇರುವವು. ಮಾರ್ಕ ಲೂಕರು ಒಂದೇ ಪಶುವನ್ನು ಹೇಳಲು ಮತ್ತಾಯನು ಎರಡನ್ನು ಹೇಳುತ್ತಾನೆ. ಇಂಥವುಗಳನ್ನು ಅವನು ಎತ್ತಿ ತೋರಿಸಿದನು. ಇದು ಹಗುರವಾದ ವಾದವೆಂದು ನಾವು ಹೇಳಲಾರೆವು.

ಟ್ಯೂಬಿಂಗೆನ್ ಪಟ್ಟಣದಲ್ಲಿ ಓದುತ್ತಿರುವಾಗ ಗುಂಡರ್ಟರ ಮನಸ್ಸು ಈ ಹೊಸ ವಿದ್ಯೆಯ ಕಡೆಗೆ ವಾಲಿತ್ತು. 1833ರಲ್ಲಿ ಅವರು ಕರ್ತನ ಕಡೆಗೆ ತಿರುಗಿಕೊಂಡರು. 1836ರಲ್ಲಿ ಹಿಂದೂದೇಶಕ್ಕೆ ಬಂದು, 1838ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿಗೆ ಸೇರಿ, ಮರುವರುಷ ತಲಶ್ಶೇರಿಯಲ್ಲಿ ನೆಲಸಿದರು.

ನಂಬಿಕೆಗೆ ತಿರುಗಿದವರು ವಿಚಾರಣೆಯನ್ನು ಬಿಟ್ಟರೆಂದು ನೆನಸಬೇಡಿರಿ. ಮಲಬಾರಿನ ಸುರಿಯಾನಿ ಕ್ರೈಸ್ತರ ಹಾಗೂ ಯೆಹೂದ್ಯರ ಹಳೇ ತಾಮ್ರಶಾಸನಗಳನ್ನು ಅವರು ಅಕ್ಷರಕ್ಷರವಾಗಿ ಓದಿ 1844ರಲ್ಲಿ ಮದ್ರಾಸಿನ ಪತ್ರಿಕೆಯಲ್ಲಿ ಭಾಷಾಂತರಿಸಿ ಅಚ್ಚುಹಾಕಿಸಿದರು. ಅವುಗಳಲ್ಲಿ ಕೊಲ್ಲಮಿನ ಸಭೆಗೆ ಕೊಟ್ಟ ಶಾಸನವನ್ನು ಈಗಿನ ಪಂಡಿತರು ಕ್ರಿ.ಶ. 849ರದೆಂದು ಎಣಿಸುತ್ತಾರೆ. ಆ ಕಾಲಕ್ಕೆ ಅಲ್ಲಿ ಕ್ರೈಸ್ತರಿದ್ದು ಹಕ್ಕುಗಳನ್ನು ಹೊಂದಿದ್ದರೆಂಬದಕ್ಕೆ ಅದು ಸಾಕ್ಷಿ. ಅಪೊಸ್ತಲನಾದ ತೋಮನು ಬಂದನೆಂಬ ಪರಂಪರೆಗೆ ಅದು ಸಾಕ್ಷಿಯಲ್ಲ, ವಿರೋಧವೂ ಅಲ್ಲ.

ಪ್ರವಾದನೆಯ ವಿಷಯವೂ ಹೀಗೆಯೇ ಎಂದು ನಮಗೆ ತೋರುತ್ತದೆ. ಗುಂಡರ್ಟರು ಕಾಣದ ಒಂದು ಸಾಕ್ಷಿ 1947ರಲ್ಲಿ ಉಪ್ಪುಸಮುದ್ರದ ಬಳಿಯ ಗವಿಯಲ್ಲಿ ದೊರೆಯಿತು. ಅದು ಯೆಶಾಯನ ಪುಸ್ತಕದ ತೊಗಲಿನ ಸುರುಳಿ. ಕ್ರಿಸ್ತನ ಜನನಕ್ಕೆ ನೂರು ವರುಷಕ್ಕಿಂತ ಮುಂಚೆಯೇ ಬರೆದದ್ದು. ಆದಕಾರಣ ಶ್ರಮೆಪಡುವ ಸೇವಕನ ಅಧ್ಯಾಯವನ್ನು ಕ್ರೈಸ್ತರು ಆಮೇಲೆ ಕಲ್ಪಿಸಿದರೆಂದು ಯಾರೂ ಹೇಳಲಾಗದು. ಆದರೆ ಸ್ಟ್ರಾಸನು ಹಾಗೆ ಹೇಳಿಯೇ ಇರಲಿಲ್ಲ! ಮಾತು ಮೊದಲಿತ್ತೆಂದು ಅವನೂ ಒಪ್ಪಿದನು. ಸಂಭವವು ಆ ಮಾತಿನಂತೆ ನಡೆಯಿತೋ ಎಂಬದೇ ಅವನ ಪ್ರಶ್ನೆ. ಅದಕ್ಕೆ ಸುರುಳಿಯು ಉತ್ತರ ಕೊಡುವದಿಲ್ಲ. ನೆರೆಯವನು ಕೇಳಿದರೆ ಸುರುಳಿಯನ್ನು ಸಂತೋಷದಿಂದ ತೋರಿಸೋಣ; ಅದು ಹೇಳದ್ದನ್ನು ಅದರ ಬಾಯಲ್ಲಿ ಇಡದಿರೋಣ. ಗುಂಡರ್ಟರು ತಾಮ್ರದ ತಗಡು ದೊರೆತ ಮೇಲೆ ನಂಬಿದವರಲ್ಲ, ನಂಬಿದ ಮೇಲೆ ತಗಡನ್ನು ಓದಿದವರು.

ಅವರು 1859ರಲ್ಲಿ ಸ್ವದೇಶಕ್ಕೆ ತೆರಳಿದರು. 1872ರಲ್ಲಿ ಅವರ ಮಲಯಾಳ ನಿಘಂಟು ಹೊರಬಂತು. ಮಂಗಳೂರ ಸಮಾಚಾರವನ್ನು ನಡಿಸಿದ ಮೊಗ್ಲಿಂಗ್ ಅಯ್ಯನವರು ತೀರಿಹೋದ ಮರುವರುಷ, 1882ರಲ್ಲಿ, ಆ ಸ್ನೇಹಿತರ ಚರಿತ್ರೆಯನ್ನೂ ಬರೆದರು. 1893ನೆಯ ಇಸವಿ ಏಪ್ರಿಲ್ 25ರಂದು ಕಾಲ್ವ್ ಪಟ್ಟಣದಲ್ಲಿ ಕರ್ತನಲ್ಲಿ ನಿದ್ರೆಹೋದರು.