ಇಂಗ್ಲಿಷ್ ಉಚ್ಚಾರಣೆಗೆ ನಿಘಂಟು ಕೊಟ್ಟ ಡೇನಿಯಲ್ ಜೋನ್ಸ್

ಇಂಗ್ಲಿಷನ್ನು ಕನ್ನಡದಂತೆ ಬರೆದ ಹಾಗೆಯೇ ಓದಲಾಗದು. ಕಲಿಯುವವರನ್ನು ಕಾಡುವ ಈ ತೊಡಕನ್ನು ಬಿಡಿಸಲು ಬದುಕನ್ನೇ ಮುಡಿಪಾಗಿಟ್ಟವರು ಡೇನಿಯಲ್ ಜೋನ್ಸ್.

1881ರಲ್ಲಿ ಲಂಡನ್ನಿನಲ್ಲಿ ಜನಿಸಿದ ಜೋನ್ಸ್, ಕೇಂಬ್ರಿಜ್‌ನಲ್ಲಿ ಗಣಿತ ಓದಿದರು. ವಕೀಲಿಕೆಗೂ ಅರ್ಹತೆ ಪಡೆದರು. ಆದರೆ ಪ್ಯಾರಿಸ್ಸಿನಲ್ಲಿ ಪಾಲ್ ಪಾಸಿ ಅವರ ಬಳಿ ಕಲಿತ ಧ್ವನಿವಿಜ್ಞಾನ ಅವರ ದಾರಿಯನ್ನೇ ಬದಲಿಸಿತು. 1907ರಿಂದ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬೋಧಿಸಿದ ಅವರು, 1921ರಲ್ಲಿ ಪ್ರಾಧ್ಯಾಪಕರಾದರು.

1917ರಲ್ಲಿ ಹೊರಬಂದ ಅವರ ಉಚ್ಚಾರಣಾ ನಿಘಂಟು ಪದಗಳ ಅರ್ಥ ಹೇಳಲಿಲ್ಲ. ಧ್ವನಿಲಿಪಿಯ ಮೂಲಕ ಅವುಗಳನ್ನು ನುಡಿಯುವ ಬಗೆಯನ್ನಷ್ಟೇ ತೋರಿಸಿತು. ಪರಭಾಷಿಕರಿಗೆ ಅದು ಕೈದೀವಿಗೆಯಾಯಿತು.

ಜೋನ್ಸ್ ದಾಖಲಿಸಿದ್ದು ದಕ್ಷಿಣ ಇಂಗ್ಲೆಂಡಿನ ಉಳ್ಳವರ ಮನೆಮಾತನ್ನು. ಅದೊಂದೇ ಸರಿಯೆಂದು ಅವರು ಸಾಧಿಸಲಿಲ್ಲ. ಆದರೂ ತರಗತಿಗಳಲ್ಲಿ ಅದೇ ಅಳತೆಗೋಲಾಯಿತು. ಉಳಿದವರ ನುಡಿ ತಪ್ಪೆನಿಸಿತು.

1967ರಲ್ಲಿ ಜೋನ್ಸ್ ನಿಧನರಾದರು. ಅವರ ನಿಘಂಟಿನ 18ನೇ ಆವೃತ್ತಿ 2011ರಲ್ಲಿ ಪ್ರಕಟವಾಯಿತು.