ಡಾಕ್ಟರ್ ಹೆಲೆನ್ ಟೌಸಿಗ್

ತುಟಿಯೂ ಉಗುರೂ ನೀಲಿಗಟ್ಟಿ, ಹಾಲು ಕುಡಿಯುವ ಶ್ರಮಕ್ಕೇ ಏದುಸಿರು ಬಿಡುವ ಹಸುಗೂಸನ್ನು ಕಂಡಾಗ ಹಿಂದಿನ ವೈದ್ಯರಿಗೆ ತಾಯಿತಂದೆಗಳನ್ನು ಸಂತೈಸುವುದರ ಹೊರತು ಬೇರೆ ಗತಿಯಿರಲಿಲ್ಲ. ಹುಟ್ಟಿನಿಂದಲೇ ವಿಕಲವಾದ ಹೃದಯಕ್ಕೆ ಚಿಕಿತ್ಸೆಯಿಲ್ಲವೆಂದು ಕೈಚೆಲ್ಲಿದ್ದ ಕಾಲವದು. ಇಂದಾದರೋ ಅಂತಹ ಶಿಶುಗಳ ಹಣೆಗೆ ಸಣ್ಣ ಪಟ್ಟಿಯೊಂದನ್ನು ಅಂಟಿಸಿ, ಮೆದುಳಿಗೆ ಪ್ರಾಣವಾಯುವು ಸಾಲುತ್ತಿದೆಯೇ ಎಂದು ಗಳಿಗೆಗಳಿಗೆಗೂ ನೋಡುವ ಮಟ್ಟಕ್ಕೆ ವೈದ್ಯವು ಬೆಳೆದಿದೆ. ಈ ಎರಡು ಕಾಲಗಳ ನಡುವೆ ಸೇತುವೆಯಂತೆ ನಿಂತ ಹೆಲೆನ್ ಟೌಸಿಗ್ ಅವರ ಚರಿತ್ರೆಯನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಇವರು 1898ರ ಮೇ 24ರಂದು ಅಮೆರಿಕಾದ ಕೇಂಬ್ರಿಜ್ ಪಟ್ಟಣದಲ್ಲಿ ಜನಿಸಿದರು. ತಂದೆ ಫ್ರಾಂಕ್ ಟೌಸಿಗ್ ಅವರು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಖ್ಯಾತ ಅರ್ಥಶಾಸ್ತ್ರಜ್ಞರು. ಹುಡುಗಿಗೆ ಹನ್ನೊಂದು ವರ್ಷವಾಗಿದ್ದಾಗ ತಾಯಿ ಕ್ಷಯರೋಗದಿಂದ ತೀರಿಕೊಂಡರು. ಅಕ್ಷರಗಳು ಕಣ್ಣೆದುರಿಗೆ ಕಲಸಿಹೋಗುವ ತೊಡಕೊಂದು ಬಾಲಕಿಯನ್ನು ಕಾಡುತ್ತಿತ್ತು. ತಂದೆಯೇ ಜೊತೆಗೆ ಕುಳಿತು ತಾಳ್ಮೆಯಿಂದ ಓದಿಸಿದರು. ವೈದ್ಯೆಯಾಗಬೇಕೆಂದು ಹೊರಟಾಗ, ತಂದೆ ಪಾಠ ಹೇಳುತ್ತಿದ್ದ ಆ ಹಾರ್ವರ್ಡಿನ ವೈದ್ಯಶಾಲೆಯೇ ಸ್ತ್ರೀಯರಿಗೆ ಪದವಿ ಕೊಡುವುದಿಲ್ಲವೆಂದಿತು. ಕಡೆಗೆ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ವಿದ್ಯಾಲಯದಲ್ಲಿ 1927ರಲ್ಲಿ ಪದವೀಧರೆಯಾದರು. ಆ ವೈದ್ಯಶಾಲೆಗೆ ಧನ ಕೂಡಿಸಿಕೊಟ್ಟ ಮಹಿಳೆಯರು ಸ್ತ್ರೀಯರಿಗೂ ಸಮಾನವಾದ ಪ್ರವೇಶವಿರಬೇಕೆಂದು ಮೊದಲೇ ಕರಾರು ಹಾಕಿದ್ದರು. ದಾನ ಕೊಡುವವರು ಹೀಗೂ ಕೊಡಬಹುದೆಂಬುದು ನಮ್ಮ ಧನಿಕರ ಗಮನಕ್ಕೆ ಬಂದರೆ ಒಳ್ಳೆಯದು.

1930ರಲ್ಲಿ ಅಲ್ಲಿಯ ಮಕ್ಕಳ ಹೃದಯ ಚಿಕಿತ್ಸಾಲಯವು ಇವರ ವಶಕ್ಕೆ ಬಂದಿತು. ಆ ಹೊತ್ತಿಗೇ ಮತ್ತೊಂದು ವಿಪತ್ತು ಬಂದೊದಗಿತು, ಕಿವಿ ಮಂದವಾಗತೊಡಗಿತು. ಹೃದಯದ ವೈದ್ಯರಿಗೆ ಶ್ರವಣವೇ ಹೋದರೆ ಉಳಿದುದೇನು? ಇವರು ಎದೆಯ ಮೇಲೆ ಬೆರಳಿಟ್ಟು ಅದರ ಕಂಪನವನ್ನು ಓದಲು ಕಲಿತರು. ರೋಗಿಗಳ ತುಟಿಗಳ ಚಲನೆಯಿಂದ ಮಾತನ್ನು ಗ್ರಹಿಸಿದರು. ಎಕ್ಸ್-ರೇ ತೆರೆಯ ಮೇಲೆ ಹೃದಯದ ಆಕಾರವನ್ನು ನಾನಾ ಪಾರ್ಶ್ವಗಳಿಂದ ನಿಟ್ಟಿಸಿದರು. ಹೀಗೆ ನೋಡುತ್ತ ನೋಡುತ್ತ ಒಂದು ಸಂಗತಿಯನ್ನು ಕಂಡುಕೊಂಡರು. ಗರ್ಭದಲ್ಲಿರುವಾಗ ಎರಡು ಮಹಾನಾಳಗಳನ್ನು ಕೂಡಿಸುವ ಒಂದು ಕಿರುನಾಳವು ಹುಟ್ಟಿದ ಮೇಲೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಶ್ವಾಸಕೋಶದ ದಾರಿ ಇಕ್ಕಟ್ಟಾಗಿರುವ ನೀಲಶಿಶುಗಳು ಆ ನಾಳವು ತೆರೆದಿರುವವರೆಗೆ ಹೇಗೋ ಬದುಕಿದ್ದು, ಅದು ಮುಚ್ಚಿದೊಡನೆ ಕುಸಿಯುತ್ತಿದ್ದವು. ಹಾಗಾದರೆ ಅಂತಹುದೇ ನಾಳವನ್ನು ಮನುಷ್ಯರೇ ಕಟ್ಟಿಕೊಡಬಾರದೇಕೆ?

ಆ ನಾಳವನ್ನು ಕಟ್ಟಿ ಮುಚ್ಚುವ ಶಸ್ತ್ರಕ್ರಿಯೆಯನ್ನು 1938ರಲ್ಲಿ ಸಾಧಿಸಿದ್ದ ಬಾಸ್ಟನ್ನಿನ ರಾಬರ್ಟ್ ಗ್ರಾಸ್ ಅವರ ಬಳಿಗೆ ಈ ಆಲೋಚನೆಯೊಡನೆ ಹೋದಾಗ ಅವರು ಆಸಕ್ತಿ ತೋರಲಿಲ್ಲ. 1941ರಲ್ಲಿ ಆಲ್‌ಫ್ರೆಡ್ ಬ್ಲೇಲಾಕ್ ಅವರು ಹಾಪ್‌ಕಿನ್ಸಿಗೆ ಬಂದರು. ಜೊತೆಗೆ ವಿವಿಯನ್ ಥಾಮಸ್ ಎಂಬ ಕರಿಯ ಸಹಾಯಕರೂ ಬಂದರು. ಬಡಗಿಯ ಕಸುಬಿನಿಂದ ಬಂದ ಈ ಥಾಮಸರೇ ನಾಯಿಗಳ ಮೇಲೆ ಪ್ರಯೋಗ ಮಾಡಿ ಮಾಡಿ ಆ ಶಸ್ತ್ರಕ್ರಿಯೆಯನ್ನು ರೂಢಿಗೆ ತಂದವರು. 1944ರ ನವೆಂಬರ್ 29ರಂದು ಹದಿನೈದು ತಿಂಗಳ ಹೆಣ್ಣು ಮಗುವಿಗೆ ಅದು ನಡೆದಾಗ, ಬ್ಲೇಲಾಕರ ಹಿಂದೆ ಪೀಠವೊಂದರ ಮೇಲೆ ನಿಂತು ಹೊಲಿಗೆಗೆ ಮಾರ್ಗದರ್ಶನ ಮಾಡಿದವರೂ ಅವರೇ. ಆ ಮಗು ಕೆಲವು ತಿಂಗಳು ಮಾತ್ರ ಬದುಕಿತು. ಆದರೆ ಮುಂದಿನ ವರ್ಷ ಆರು ವರ್ಷದ ಬಾಲಕನೊಬ್ಬನ ತುಟಿಗಳು ಶಸ್ತ್ರಕ್ರಿಯೆಯ ಮೇಜಿನ ಮೇಲೆಯೇ ಕೆಂಪಾದವು. 1945ರ ಲೇಖನದಲ್ಲಿ ಬ್ಲೇಲಾಕ್, ಟೌಸಿಗ್ ಎಂಬ ಎರಡೇ ಹೆಸರುಗಳಿದ್ದವು. ವರ್ಣಭೇದವು ವಿದ್ಯೆಯ ಮಂದಿರದೊಳಗೂ ಕುಳಿತಿದ್ದುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ. ಸ್ತ್ರೀಯೆಂಬ ಕಾರಣಕ್ಕೆ ಬಾಗಿಲ ಹೊರಗೆ ನಿಂತಿದ್ದವರ ಲೇಖನದಲ್ಲಿಯೇ ಹೀಗಾದುದು ನಮಗೆ ಹೆಚ್ಚಿನ ವ್ಯಥೆಯ ವಿಷಯ. ಮೂವರ ಹೆಸರನ್ನೂ ಕೂಡಿಸಿ ಹೇಳುವ ವಾಡಿಕೆ ಈಚೆಗಷ್ಟೇ ಬಂದಿದೆ.

ಟೌಸಿಗ್ ಅವರು 1947ರಲ್ಲಿ ಜನ್ಮಜಾತ ಹೃದಯವೈಕಲ್ಯಗಳ ಬಗೆಗೆ ಗ್ರಂಥವನ್ನು ಪ್ರಕಟಿಸಿದರು. 1962ರಲ್ಲಿ ಜರ್ಮನಿಗೆ ಹೋಗಿ, ಥ್ಯಾಲಿಡೊಮೈಡ್ ಔಷಧದಿಂದ ಕೈಕಾಲುಗಳಿಲ್ಲದೆ ಹುಟ್ಟಿದ ಶಿಶುಗಳನ್ನು ನೋಡಿಬಂದು ತಮ್ಮ ದೇಶವನ್ನು ಎಚ್ಚರಿಸಿದರು. 1986ರ ಮೇ 20ರಂದು ಮೋಟಾರು ಅಪಘಾತದಲ್ಲಿ ಮಡಿದರು. ಆ ಇಳಿವಯಸ್ಸಿನಲ್ಲಿಯೂ ಪಕ್ಷಿಗಳ ಹೃದಯಗಳನ್ನು ಪರೀಕ್ಷಿಸುತ್ತಿದ್ದರು.

ಅವರು ಕಲ್ಪಿಸಿದ ದಾರಿಯು ಕೃತಕ ನಾಳದ ರೂಪದಲ್ಲಿ ಇಂದಿಗೂ ಬಳಕೆಯಲ್ಲಿದೆ. ಹೃದಯದ ಎಡಭಾಗವೇ ಸರಿಯಾಗಿ ಬೆಳೆಯದ ನವಜಾತ ಶಿಶುಗಳಿಗೂ ಅದನ್ನು ಜೋಡಿಸುತ್ತಾರೆ. ಅಲ್ಲಿ ಒಂದೇ ಕುಕ್ಷಿಯು ಶ್ವಾಸಕೋಶಕ್ಕೂ ದೇಹಕ್ಕೂ ರಕ್ತವನ್ನು ಹಂಚಬೇಕು. ಶ್ವಾಸಕೋಶದತ್ತ ಹೆಚ್ಚು ಹರಿದರೆ ಬೆರಳಿಗೆ ಸಿಕ್ಕಿಸಿದ ಯಂತ್ರವು ಎಲ್ಲವೂ ಕ್ಷೇಮವೆಂದು ತೋರಿಸುತ್ತಿರುವಾಗಲೇ ಮೆದುಳು ಸೊರಗುತ್ತಿರಬಹುದು. ಹಣೆಯ ಪಟ್ಟಿಯ ಪ್ರಯೋಜನವಿರುವುದು ಇಲ್ಲಿಯೇ. ಕೆಂಪಿಗಿಂತ ತುಸು ಆಚೆಯ, ಕಣ್ಣಿಗೆ ಕಾಣದ ಬೆಳಕು ಕೂಸಿನ ತೆಳುವಾದ ತಲೆಬುರುಡೆಯನ್ನು ದಾಟಿಹೋಗುತ್ತದೆ. ಆಮ್ಲಜನಕವನ್ನು ಹೊತ್ತ ರಕ್ತವೂ ಹೊರದ ರಕ್ತವೂ ಆ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುವುದರಿಂದ ಒಳಗಿನ ಸ್ಥಿತಿಯನ್ನು ಅಳೆಯಬಹುದು. ಈ ತತ್ತ್ವವನ್ನು 1977ರಲ್ಲಿ ಡ್ಯೂಕ್ ವಿಶ್ವವಿದ್ಯಾನಿಲಯದ ಫ್ರಾನ್ಸ್ ಯೋಬ್ಸಿಸ್ ಅವರು ಪ್ರಕಟಿಸಿದರು. ಅಂಕಿಯು ಇಳಿದುದನ್ನು ಯಂತ್ರವು ಹೇಳೀತು. ಏಕೆ ಇಳಿಯಿತೆಂಬುದನ್ನು ತಿಳಿಯಬೇಕಾದವರು ವೈದ್ಯರೇ.

ನಮ್ಮ ನಾಡಿನವರಿಗೆ ಸಂಬಂಧಪಟ್ಟ ಮಾತೊಂದುಂಟು. ಮೈಬಣ್ಣ ಕಪ್ಪಾದ ಕೂಸುಗಳಲ್ಲಿ ನೀಲಿಯ ಛಾಯೆ ಚರ್ಮದ ಮೇಲೆ ಸುಲಭವಾಗಿ ಕಾಣದು. ಬೆರಳಿನ ಯಂತ್ರವೂ ಅಂತಹವರಲ್ಲಿ ನಿಜಕ್ಕಿಂತ ಹೆಚ್ಚನ್ನು ತೋರಿಸುವುದುಂಟು. ಹಾಲು ಕುಡಿಯುವಾಗ ಮಗು ಬಳಲಿದರೆ, ಬೆವರಿದರೆ, ಅದರ ನಾಲಿಗೆಯನ್ನೂ ತುಟಿಯ ಒಳಭಾಗವನ್ನೂ ಹಗಲ ಬೆಳಕಿನಲ್ಲಿ ನೋಡಬೇಕು. ಅಲ್ಲಿ ನೀಲಿ ಕಾಣಲಿ ಬಿಡಲಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.